ಮೂರು ಬಣ್ಣದ ಕಾರ್ಡ್: ಕ್ಯಾನನ್ ಜಗಳ ನಾವು ಬಗೆಹರಿಸಿದ್ದು ಹೀಗೆ

'ಡಾಕ್ಟರ್ ಹೂ', 'ಸ್ಟಾರ್ ಟ್ರೆಕ್' ಟಿವಿ ಸರಣಿ ನೋಡುವವರ ನಡುವೆ ಕ್ಯಾನನ್ ಜಗಳ, ಅಂದರೆ ಕಥೆಯೊಳಗೆ ಯಾವುದನ್ನು ನಿಜ ಎಂದು ಎಣಿಸಬೇಕು ಎಂಬ ಜಗಳ, ಮುಗಿಯುವುದೇ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನಮ್ಮ ಶಿರಸಿಯ ಗುಂಪಿನಲ್ಲಿ ಮುಗಿಯುತ್ತಿದೆ. ಒಂದು ಸಂಜೆ ಕೂತರೆ ಎರಡು ಮೂರು ಮುಗಿಯುತ್ತವೆ. ಕಾರ್ಡ್ ಪೆಟ್ಟಿಗೆ ಶುರು ಮಾಡಿದಾಗ "ಇದು ಗುಮಾಸ್ತನ ಕೆಲಸ" ಎಂದವರೇ ಈಗ ಕಾರ್ಡ್ ತೆಗೆದು ತೋರಿಸಿ ಮಾತಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಕಥೆಯೊಳಗಿನ ಇಸವಿ ಹಿಡಿದು ಪಟ್ಟಿ ಮಾಡಿದೆವು. 'ಡಾಕ್ಟರ್ ಹೂ'ನಲ್ಲಿ ಭೂಮಿ ಕಾಯುವ ಸೈನ್ಯದಳವಾದ ಯುನಿಟ್‌ನ ಕಥೆಗಳ ಹತ್ತಿರ ಬಂದಾಗ ಪಟ್ಟಿ ಕುಸಿಯಿತು. 1975ರ 'ಪಿರಮಿಡ್ಸ್ ಆಫ್ ಮಾರ್ಸ್'ನಲ್ಲಿ ಡಾಕ್ಟರ್‌ನ ಜೊತೆಗಾತಿ ಸಾರಾ ತಾನು 1980ರಿಂದ ಬಂದವಳು ಎನ್ನುತ್ತಾಳೆ. 1983ರ 'ಮಾಡ್ರಿನ್ ಅನ್‌ಡೆಡ್' ಪ್ರಕಾರ ಯುನಿಟ್‌ನ ಮುಖ್ಯಸ್ಥ ಬ್ರಿಗೇಡಿಯರ್ 1976ರಲ್ಲೇ ನಿವೃತ್ತ, ಆದರೆ ಸಾರಾಳ ಕಾಲದಲ್ಲಿ ಅವನಿನ್ನೂ ಹುದ್ದೆಯಲ್ಲಿದ್ದ. ಇವೆರಡನ್ನು ಕೂಡಿಸುವುದರಲ್ಲೇ ಒಂದು ಇಡೀ ಮಳೆಗಾಲ ಹೋಯಿತು, ಕೂಡಲಿಲ್ಲ.

ಆಮೇಲೆ ದರ್ಜೆ ಕೊಟ್ಟು ನೋಡಿದೆವು. ಅಧಿಕೃತ, ಅರ್ಧ ಅಧಿಕೃತ, ಹೊರಗಿನದು. ಬಿಬಿಸಿ ಅಂಥ ಪಟ್ಟಿ ಕೊಟ್ಟೇ ಇಲ್ಲ, ಹಾಗಾಗಿ ದರ್ಜೆ ಕೊಡುವವರು ನಾವೇ. 'ಸ್ಟಾರ್ ಟ್ರೆಕ್'ನಲ್ಲಿ 1973–74ರ ಕಾರ್ಟೂನ್ ಸರಣಿಯನ್ನು ಬಹಳ ಕಾಲ ಹೊರಗೇ ಇಟ್ಟಿದ್ದರು. ಆದರೆ ಕರ್ಕ್‌ನ ಮಧ್ಯದ ಹೆಸರು ಟೈಬೀರಿಯಸ್ ಮೊದಲು ಕೇಳಿಸಿದ್ದು ಅದರಲ್ಲೇ, 1974ರಲ್ಲಿ. ನಾಯಕನ ಹೆಸರೇ ಹೊರಗಿನ ಡಬ್ಬಿಯಿಂದ ಬಂದ ಮೇಲೆ ಆ ದರ್ಜೆಗೆ ಏನು ಬೆಲೆ?

ಕೈ ಎತ್ತಿಸಿಯೂ ನೋಡಿದೆವು. ಕಾರವಾರ, ಕುಮಟಾದವರು ದೇವಿಮನೆ ಘಾಟಿ ಹತ್ತಿ ಬಾರದ ದಿನ ಒಂದು ತೀರ್ಮಾನ, ಬಂದ ದಿನ ಇನ್ನೊಂದು. ಅದನ್ನೂ ಬಿಟ್ಟೆವು.

ಈಗಿನ ವಿಧಾನ ಹೀಗಿದೆ. ತೆರೆಯ ಮೇಲೆ ಕಂಡದ್ದಕ್ಕೆ ಬಿಳಿ ಕಾರ್ಡ್. ಪಾತ್ರ ಬಾಯಿಬಿಟ್ಟು ಹೇಳಿದ್ದಕ್ಕೆ ಹಳದಿ, ಯಾರು ಯಾರಿಗೆ ಹೇಳಿದರು ಎಂದು ಬರೆಯಲೇಬೇಕು. ನಮ್ಮ ಊಹೆಗೆ ನೀಲಿ. ಮೇಲೆ ಪ್ರಸಾರವಾದ ದಿನ. ಪೆಟ್ಟಿಗೆಯಲ್ಲಿ ಜೋಡಿಸುವುದೂ ಪ್ರಸಾರದ ಕ್ರಮದಲ್ಲೇ. ಹೊಸ ಕಾರ್ಡ್ ಬಂತು ಅಂತ ಹಳೆಯದನ್ನು ಎಸೆಯುವ ಹಾಗಿಲ್ಲ. ಬಿಳಿಗೂ ಹಳದಿಗೂ ತಾಗಿದರೆ ಬಿಳಿ ಗೆಲ್ಲುತ್ತದೆ. ಆಗ ಹಳದಿಯವನು ಯಾಕೆ ಹಾಗೆ ಹೇಳಿದ ಎಂದು ಕೇಳುತ್ತೇವೆ. ಎರಡು ಬಿಳಿ ತಾಗಿದರೆ ಎರಡೂ ಉಳಿಯುತ್ತವೆ, ನಡುವೆ ಒಂದು ಖಾಲಿ ನೀಲಿ ಕಾರ್ಡ್ ಇಡುತ್ತೇವೆ.

ಖಾಲಿ ಬಿಡುವುದೇ ಜನರಿಗೆ ಕಷ್ಟ. 'ಸ್ಟಾರ್ ಟ್ರೆಕ್'ನ ಕ್ಲಿಂಗಾನ್ ಜನಾಂಗದ ಹಣೆಯನ್ನೇ ನೋಡಿ. 1967ರಲ್ಲಿ ನುಣುಪು, 1979ರ ಸಿನಿಮಾದಲ್ಲಿ ಏಣು ಏಣು. ಎರಡೂ ಬಿಳಿ. 1996ರಲ್ಲಿ ಕ್ಲಿಂಗಾನನೇ ಆದ ವೋರ್ಫ್ ಹೊರಗಿನವರ ಹತ್ತಿರ ನಾವು ಅದನ್ನು ಮಾತಾಡುವುದಿಲ್ಲ ಎಂದುಬಿಟ್ಟ. ಕಾರಣ ಸಿಕ್ಕಿದ್ದು 2005ರಲ್ಲಿ, 'ಎಂಟರ್‌ಪ್ರೈಸ್'ನ (ಅದೂ 'ಸ್ಟಾರ್ ಟ್ರೆಕ್' ಸರಣಿಯೇ) ಎರಡು ಸಂಚಿಕೆಗಳಲ್ಲಿ. ನಡುವೆ ಅಭಿಮಾನಿಗಳು ಕಟ್ಟಿದ ಕಥೆಗಳೆಲ್ಲ ನೀಲಿ. ಅದಕ್ಕಾಗಿ ಮಾತು ಬಿಟ್ಟವರೂ ಇದ್ದಾರೆ, ಬೇಕಿತ್ತಾ?

ಕರ್ಕ್‌ನ ಗೋರಿಕಲ್ಲು ಇನ್ನೂ ಸೊಗಸು. 1966ರ ಸಂಚಿಕೆಯಲ್ಲಿ ಅದರ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದಿದೆ, ಟೈಬೀರಿಯಸ್‌ನ 'ಟಿ' ಅಲ್ಲ. ಕಣ್ಣಿಗೆ ಕಂಡದ್ದು, ಹಾಗಾದರೆ ಬಿಳಿಯೇ ಅಲ್ವಾ ಎಂದು ಕೈಗಾದಲ್ಲಿ ಕೆಲಸ ಮಾಡುವ ಗೆಳೆಯ ಪಟ್ಟು ಹಿಡಿದ. ಕಲ್ಲು ಬಿಳಿ. ಆದರೆ ಆ ಕಲ್ಲನ್ನು ಎಬ್ಬಿಸಿದ್ದು ಕರ್ಕ್‌ನ ಹಳೆಯ ಗೆಳೆಯ ಗ್ಯಾರಿ ಮಿಚೆಲ್, ಹಾಗಾಗಿ ಅಕ್ಷರ ಅವನ ಮಾತು, ಅಂದರೆ ಹಳದಿ. ಅವತ್ತಿನಿಂದ ತೆರೆಯ ಮೇಲಿನ ಬರಹವೆಲ್ಲ ಬರೆದವನ ಹೆಸರಿನಲ್ಲಿ ಹಳದಿಗೆ ಹೋಗುತ್ತದೆ. ಈ ನಿಯಮ ನನ್ನದು, ಬೇರೆಲ್ಲೂ ನಾನು ನೋಡಿಲ್ಲ.

ವಿಧಾನದ ಗಟ್ಟಿತನ ಗೊತ್ತಾದದ್ದು 2020ರ ಮಾರ್ಚ್ 1ರಂದು 'ಡಾಕ್ಟರ್ ಹೂ'ನ 'ದಿ ಟೈಮ್‌ಲೆಸ್ ಚಿಲ್ಡ್ರನ್' ಬಂದಾಗ. ಡಾಕ್ಟರ್ ಸಾಯುವ ಹೊತ್ತಿಗೆ ಹೊಸ ಮುಖ ಪಡೆದು ಮರುಹುಟ್ಟುತ್ತಾನೆ, ನಟರು ಬದಲಾಗುವುದು ಹಾಗೆ. ಮೊದಲ ಡಾಕ್ಟರ್ ಎಂದೇ ಎಲ್ಲರೂ ತಿಳಿದಿದ್ದ ಹಾರ್ಟ್‌ನೆಲ್‌ಗೂ ಮೊದಲೇ ಅವನಿಗೆ ಜನ್ಮಗಳಿದ್ದವು ಎಂದು ತೋರಿಸಿದರು. ಐವತ್ತು ವರ್ಷ ಕಟ್ಟಿದ್ದನ್ನು ಕೆಡವಿದರು ಎಂದು ಗುಂಪಿನಲ್ಲಿ ಅರ್ಧ ಜನ ಸಿಟ್ಟಾದರು. ಅಷ್ಟರಲ್ಲಿ ಲಾಕ್‌ಡೌನ್. ನಾನು 1976ರ ಕಟ್ಟು ಬಿಚ್ಚಿ ಕಾರ್ಡ್‌ಗಳ ಫೋಟೋ ಕಳಿಸಿದೆ. ಜನವರಿಯ ಕಾರ್ಡ್ 'ದಿ ಬ್ರೇನ್ ಆಫ್ ಮಾರ್ಬಿಯಸ್'ನದು, ಬಿಳಿ. ಖಳ ಮಾರ್ಬಿಯಸ್ ಜೊತೆಗಿನ ಮನಸ್ಸಿನ ಕಾಳಗದಲ್ಲಿ ಡಾಕ್ಟರ್‌ನ ಹಳೆಯ ಮುಖಗಳು ಒಂದೊಂದಾಗಿ ಬರುತ್ತವೆ. ಹಾರ್ಟ್‌ನೆಲ್ ಬಂದ ಮೇಲೂ ನಿಲ್ಲುವುದಿಲ್ಲ, ಇನ್ನೂ ಎಂಟು ಮುಖ. ವರ್ಷದ ಕೊನೆಯ ಕಾರ್ಡ್ 'ದಿ ಡೆಡ್ಲಿ ಅಸಾಸಿನ್'ನದು, ಹಳದಿ. ಹನ್ನೆರಡನೆಯ ಮರುಹುಟ್ಟಿನ ಮೇಲೆ ಸಾವು ತಪ್ಪದು ಎಂದು ಡಾಕ್ಟರ್‌ನದೇ ಜನಾಂಗದ, ಅಂದರೆ ಟೈಮ್ ಲಾರ್ಡ್ ಆದ, ಎಂಗಿನ್ ಹೇಳುತ್ತಾನೆ.

ದಶಕಗಟ್ಟಲೆ ಎಲ್ಲರೂ ಹಿಡಿದದ್ದು ಎಂಗಿನ್ ಮಾತನ್ನು. ಆ ಎಂಟನ್ನೂ ಸೇರಿಸಿದರೆ ಹನ್ನೆರಡರ ಲೆಕ್ಕ ಮೀರುತ್ತದೆ, ಹಾಗಾಗಿ ಎಂಗಿನ್ ಮಾತು ನಿಲ್ಲಬೇಕು ಅಂತ ಆ ಎಂಟು ಮುಖ ಮಾರ್ಬಿಯಸ್‌ನವು ಎಂದರು. ಅದು ನೀಲಿ! ಟೈಮ್ ಲಾರ್ಡ್‌ಗಳು ತಮಗೆ ಗೊತ್ತಿದ್ದಷ್ಟು ಹೇಳಿದರು, 2013ರಲ್ಲಿ ಡಾಕ್ಟರ್ ಕೂಡ ಅದನ್ನೇ ನಂಬಿದ್ದ, ಅಷ್ಟೆ. 2020ರ ಸಂಚಿಕೆಯೇ ಆ ಹಳೆಯ ಮುಖಗಳನ್ನು ಮತ್ತೆ ತೋರಿಸಿತು. ಕಥೆ ಇಷ್ಟವಾಗಲಿಲ್ಲ ಎನ್ನಿ, ನನಗೂ ಪೂರ್ತಿ ಇಷ್ಟವಾಗಲಿಲ್ಲ. ಹಳೆಯದನ್ನು ಮುರಿಯಿತು ಎನ್ನಬೇಡಿ. ಕೈಗಾದ ಗೆಳೆಯ ರಾತ್ರಿ ಫೋನ್ ಮಾಡಿ, "ಸರಿ ಮಾರಾಯ, ಕಾರ್ಡ್ ನಿನ್ನ ಕಡೆಗಿದೆ" ಎಂದ.

ಡಾಕ್ಟರ್‌ನ ವಯಸ್ಸು ಸುಲಭ. 1967ರಲ್ಲಿ 450, 1987ರಲ್ಲಿ 953, 2005ರಲ್ಲಿ 900. ಎಲ್ಲ ಹಳದಿ, ಎಲ್ಲ ಅವನದೇ ಬಾಯಿ. ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೇನೋ ಇಲ್ಲವೋ ನೆನಪಿಲ್ಲ ಎಂದು 2013ರಲ್ಲಿ ಅವನೇ ಹೇಳಿದ್ದಾನೆ. ಸುಳ್ಳು ಹೇಳುವ ಪಾತ್ರಗಳ ಹಳದಿ ಕಾರ್ಡಿಗೆ ತೂಕ ಕೊಡಲು ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತವರಿಗೆ ತೋರಿಸುತ್ತೇನೆ.

ಇನ್ನು ದುಡ್ಡು. ಬಣ್ಣದ ದಪ್ಪ ಹಾಳೆ, ಕತ್ತರಿಸುವ ಕೂಲಿ ಸೇರಿ ಮೊದಲ ವರ್ಷ ಎರಡು ಸಾವಿರದ ಆಸುಪಾಸು. ದೊಡ್ಡ ಖರ್ಚು ಡಿವಿಡಿಯದು. ಐದಾರು ಜನ ಸೇರಿ ಹದಿನೈದು ಸಾವಿರದಷ್ಟು ಹಾಕಿದೆವು. ಡಿವಿಡಿಗೆ ದೇಶವಾರು ರೀಜನ್ ಸಂಖ್ಯೆ ಇರುತ್ತದೆ; ಬ್ರಿಟನ್ನಿನ ಡಿಸ್ಕ್ ರೀಜನ್ 2, ನಮ್ಮ ದೇಶ ರೀಜನ್ 5. ಎಲ್ಲ ರೀಜನ್ ಓಡಿಸುವ ಹಳೆಯ ಪ್ಲೇಯರ್ ಹುಡುಕಿ ತರಲು ಮತ್ತೆ ಎರಡೂವರೆ ಸಾವಿರ. ಮೊದಲ ಕಂತಿನ ಕಾರ್ಡ್‌ಗಳಿಗೆ ಆಷಾಢದಲ್ಲಿ ಬೂಸು ಬಂತು, ಅರ್ಧದಷ್ಟು ಮತ್ತೆ ಬರೆದೆವು. ಈಗ ಮಳೆಗಾಲ ಪೂರ್ತಿ ಪೆಟ್ಟಿಗೆ ನಮ್ಮ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿರುತ್ತದೆ. ಕಂಪ್ಯೂಟರಿನಲ್ಲೂ ಪ್ರತಿ ಇದೆ. ಆದರೆ ಕೈಯಲ್ಲಿ ಕಾರ್ಡ್ ಹಿಡಿದವನು ದನಿ ಏರಿಸುವುದು ಕಡಿಮೆ, ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಮಧ್ಯೆ ತಾಳಮದ್ದಳೆಗೂ ಇದನ್ನು ಹಚ್ಚಿ ನೋಡಿದೆ. ಸುಧನ್ವನ ಕಥೆ ವ್ಯಾಸರ ಭಾರತದಲ್ಲಿಲ್ಲ, ಜೈಮಿನಿಯಲ್ಲಿದೆ. ಆದ್ದರಿಂದ ಕಟ್ಟುಗಳನ್ನು ಬೇರೆ ಮಾಡುವುದು ಸಲೀಸಾಯಿತು. ಆದರೆ ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದೆಲ್ಲ ಮಾತು. ಹಳದಿ ಕಾರ್ಡ್ ರಾಶಿ ಬಿತ್ತು, ಬಿಳಿ ಒಂದೂ ಇಲ್ಲ. ಜೊತೆಗೆ ಅರ್ಥಧಾರಿ ಬದಲಾದರೆ ಅರ್ಥವೂ ಬದಲು. ಕೆಲವು ಸಂಜೆ ನೋಡಿ ನಿಲ್ಲಿಸಿದೆ.

ಈಗ ಕೈಯಲ್ಲಿರುವುದು 'ಡಾಕ್ಟರ್ ಹೂ'ನ ಕಳೆದುಹೋದ ಸಂಚಿಕೆಗಳು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಸಂಚಿಕೆಗಳ ಚಿತ್ರ ಇಲ್ಲ, ಬಿಬಿಸಿಯೇ ಟೇಪ್ ಅಳಿಸಿತ್ತು. ಆದರೆ ಮನೆಗಳಲ್ಲಿ ರೆಕಾರ್ಡ್ ಮಾಡಿಕೊಂಡ ಧ್ವನಿ ಎಲ್ಲದಕ್ಕೂ ಇದೆ. ಹಾಗಾಗಿ ಹಳದಿ ಕಾರ್ಡ್ ಬರೆಯಬಹುದು. ಬಿಳಿಯದನ್ನು ಉಳಿದಿರುವ ಸ್ಥಿರಚಿತ್ರ ನೋಡಿ ಬರೆದು ಮೂಲೆ ಕತ್ತರಿಸುತ್ತೇವೆ, ಪೂರ್ತಿ ಬಿಳಿಯಲ್ಲ ಎಂಬ ಗುರುತಿಗೆ. ಮೂಲೆ ಕತ್ತರಿಸಿದ ಕಾರ್ಡಿಗೂ ಪೂರ್ತಿ ಹಳದಿಗೂ ತಾಗಿದರೆ ಯಾವುದು ಗೆಲ್ಲಬೇಕು ಎಂಬುದು ಮುಂದಿನ ಸಂಜೆಯ ವಿಷಯ. ಹಳದಿ ಎನ್ನುವುದು ನನ್ನ ಪಕ್ಷ. ಕಾರವಾರದವರು ಒಪ್ಪಿಲ್ಲ.