ಶಿಕಾರಿಗೆ ಜಾಗ ಇದ್ದರೆ ಸಾಲದು, ದಾರಿಯೂ ಬೇಕು: ವಯೋಮಿಂಗ್‌ನಲ್ಲಿ ನನ್ನ ಅನುಭವ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನೆಲ ಕೇಂದ್ರ ಸರ್ಕಾರದ್ದು. ಅದರಲ್ಲಿ ಬಹುಪಾಲು ಕಡೆ ಲೈಸೆನ್ಸ್ ಇದ್ದವರು ಶಿಕಾರಿ ಮಾಡಬಹುದು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ನೆಲ ಸರ್ಕಾರದ್ದು ಅಂದ ಮಾತ್ರಕ್ಕೆ ಅಲ್ಲಿಗೆ ಹೋಗುವ ದಾರಿಯೂ ಸರ್ಕಾರದ್ದಾಗಿರುತ್ತದೆ ಅಂತೇನಿಲ್ಲ.

ನಾನಿರುವುದು ಪಕ್ಕದ ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ. ಲಾಟರಿಯಲ್ಲಿ ಲೈಸೆನ್ಸ್ ಬಂದ ವರ್ಷ ಪ್ರಾಂಗ್‌ಹಾರ್ನ್ ಶಿಕಾರಿಗೆ ವಯೋಮಿಂಗ್‌ನ ಕಾರ್ಬನ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಕಡೆ ಹೋಗುತ್ತೇನೆ. ನೋಡೋಕೆ ನಮ್ಮ ಚಿಗರೆ ಥರದ ಪ್ರಾಣಿ, ಓಟದಲ್ಲಿ ಅದನ್ನು ಮೀರಿಸುವುದು ಈ ಖಂಡದಲ್ಲಿ ಇನ್ನೊಂದಿಲ್ಲ. ವೀಸಾದಲ್ಲಿರುವ ನಮ್ಮವರಿಗೆ ಒಂದು ಮಾತು: ಎಚ್-1ಬಿ ಥರದ ವೀಸಾದವರು ಕೋವಿ ಇಟ್ಟುಕೊಳ್ಳುವುದೇ ಇಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಇದನ್ನು ವಕೀಲರ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ದಾರಿಯ ತಕರಾರಿನ ಮೂಲ 1862ರಲ್ಲಿದೆ. ಆಗ ರೈಲು ಕಂಪನಿಗಳಿಗೆ ಸರ್ಕಾರ ಹಳಿಯ ಎರಡೂ ಪಕ್ಕ ಒಂದು ಬಿಟ್ಟು ಒಂದು ಚೌಕದಂತೆ ನೆಲ ಕೊಟ್ಟಿತು. ಒಂದೊಂದು ಚೌಕ 640 ಎಕರೆ. ಕಂಪನಿಯ ಎಷ್ಟೋ ಚೌಕಗಳು ಆಮೇಲೆ ರಾಂಚ್ (ದನ ಸಾಕುವ ದೊಡ್ಡ ಜಮೀನು) ಮಾಲೀಕರ ಕೈ ಸೇರಿದವು. ಹಾಗಾಗಿ ಇವತ್ತಿಗೂ ಇಂಟರ್‌ಸ್ಟೇಟ್ 80 ಹೆದ್ದಾರಿಯ ಅಕ್ಕಪಕ್ಕದ ನಕ್ಷೆ ಚದುರಂಗದ ಮಣೆಯಂತಿದೆ. ಸರ್ಕಾರದ ಎರಡು ಚೌಕ ಮೂಲೆಗೆ ಮೂಲೆ ತಾಗುತ್ತವೆ, ಅಷ್ಟೇ; ಅಲ್ಲೇ ಸೇರುವ ಇನ್ನೆರಡು ಚೌಕ ಖಾಸಗಿ. ಆ ಮೂಲೆಯನ್ನು ದಾಟಬಹುದೋ ಇಲ್ಲವೋ ಅನ್ನುವುದು ಬಹಳ ಕಾಲ ಯಾರೂ ಖಂಡಿತವಾಗಿ ಹೇಳದ ವಿಷಯವಾಗಿತ್ತು.

2021ರಲ್ಲಿ ಮಿಸೌರಿಯ ನಾಲ್ವರು ಶಿಕಾರಿಗಾರರು ಎಲ್ಕ್ ಮೌಂಟನ್ ಹತ್ತಿರ ಅಂಥ ಮೂಲೆಯ ಮೇಲೆ ಕಬ್ಬಿಣದ ಏಣಿ ನಿಲ್ಲಿಸಿ ದಾಟಿದರು. ಖಾಸಗಿ ನೆಲಕ್ಕೆ ಕಾಲು ಸೋಕಿಸಲಿಲ್ಲ. ಆದರೂ ಕೇಸು ಬಿತ್ತು. ನೆಲದ ಮೇಲಿನ ಗಾಳಿಯೂ ತನ್ನದೇ ಅನ್ನುವುದು ರಾಂಚ್ ಮಾಲೀಕರ ವಾದ, ಕೇಳಿದ ಪರಿಹಾರ 70 ಲಕ್ಷ ಡಾಲರ್‌ಗಿಂತ ಜಾಸ್ತಿ! ಕ್ರಿಮಿನಲ್ ಕೇಸಿನಲ್ಲಿ 2022ರಲ್ಲಿ ಜ್ಯೂರಿ ನಾಲ್ವರನ್ನೂ ಬಿಡುಗಡೆ ಮಾಡಿತು. ಮಾಲೀಕರು ಹಾಕಿದ ಸಿವಿಲ್ ಕೇಸಿನಲ್ಲಿ 2025ರ ಮಾರ್ಚ್‌ನಲ್ಲಿ 10ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು (ಕೆಲವು ರಾಜ್ಯಗಳ ಗುಂಪಿಗೆ ಒಂದರಂತೆ ಇರುವ ಕೇಂದ್ರದ ಕೋರ್ಟು), ಸರ್ಕಾರಿ ನೆಲಕ್ಕೆ ಅಡ್ಡಗಟ್ಟಬಾರದು ಅನ್ನುವ 1885ರ ಕಾಯ್ದೆಯ ಆಧಾರದ ಮೇಲೆ ಶಿಕಾರಿಗಾರರ ಪರ ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಮಾಲೀಕರ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ, ಹಾಗಾಗಿ ಆ ತೀರ್ಪೇ ಉಳಿಯಿತು. ನನಗಂತೂ ತುಂಬಾ ಖುಷಿಯಾಯಿತು. ಎಲ್ಲರಿಗೂ ಸೇರಿದ ನೆಲವನ್ನು ಒಬ್ಬರು ಬೇಲಿ ಹಾಕಿ ತಮ್ಮದು ಮಾಡಿಕೊಳ್ಳುವುದು ಅನ್ಯಾಯ. ಆದರೆ ಈ ತೀರ್ಪು ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಒಕ್ಲಹೋಮಕ್ಕೆ ಮಾತ್ರ. ಪಕ್ಕದ ಮೊಂಟಾನ ಬೇರೆ ಸರ್ಕ್ಯೂಟ್‌ನಲ್ಲಿದೆ, ಅಲ್ಲಿ ಇದನ್ನು ನಂಬಿ ಹೆಜ್ಜೆ ಇಡಬೇಡಿ.

ಮೂಲೆ ದಾಟುವಾಗ ನಾನು ಫೋನನ್ನು ನಂಬುವುದಿಲ್ಲ. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು, ಮೂಲೆಯಲ್ಲಿ ಒಂದು ಅಡಿ ತಪ್ಪಿದರೂ ಅದು ಅತಿಕ್ರಮ. ನಕ್ಷೆಯ ಆ್ಯಪ್ ಹಿಡಿದು ಹತ್ತಿರಕ್ಕೆ ಹೋಗಿ, ಆಮೇಲೆ ಸರ್ವೆ ಗುರುತು ಹುಡುಕುತ್ತೇನೆ. ನೆಲದಿಂದ ಸ್ವಲ್ಪ ಮೇಲೆ ಎದ್ದ ಕಬ್ಬಿಣದ ಕೊಳವೆ, ತಲೆಯ ಮೇಲೆ ಹಿತ್ತಾಳೆ ಬಿಲ್ಲೆ. ಮಣ್ಣು ಒರೆಸಿದರೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ನಾಲ್ಕು ಮೂಲೆಗೆ ನಾಲ್ಕು ಚೌಕದ ನಂಬರು ಕಾಣುತ್ತವೆ. ಎರಡು ಸರ್ಕಾರಿ ನಂಬರುಗಳ ನಡುವೆ ಒಂದೇ ಹೆಜ್ಜೆ. ಬಿಲ್ಲೆ ಸಿಗದಿದ್ದರೆ ವಾಪಸ್, ಮಾತೇ ಇಲ್ಲ.

ಇಷ್ಟಕ್ಕೂ ಮುಂಚಿನ ಕೆಲಸವೇ ಜಾಸ್ತಿ, ಅದನ್ನು ಆಗಸ್ಟ್‌ನಲ್ಲೇ ಮುಗಿಸುತ್ತೇನೆ. ನಕ್ಷೆಯಲ್ಲಿ ಹಳದಿ ಅಂದರೆ ಬಿಎಲ್‌ಎಂ ಅನ್ನುವ ಕೇಂದ್ರದ ಭೂ ಇಲಾಖೆಯದು, ಹಸಿರು ಅರಣ್ಯದ್ದು, ನೀಲಿ ರಾಜ್ಯದ ಟ್ರಸ್ಟ್ ನೆಲ (ಶಾಲೆಗಳಂಥವಕ್ಕೆ ಆದಾಯ ತರಲು ರಾಜ್ಯ ಇಟ್ಟುಕೊಂಡದ್ದು), ಬಿಳಿ ಖಾಸಗಿ. ನೀಲಿ ಕಂಡರೆ ಹುಷಾರು: ವಯೋಮಿಂಗ್‌ನಲ್ಲಿ ಸಾರ್ವಜನಿಕ ದಾರಿಯಿಂದ ತಲುಪುವಂತಿದ್ದರೆ ಅಲ್ಲಿ ಶಿಕಾರಿ ಮಾಡಬಹುದು, ಆದರೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕೊಲರಾಡೊದಲ್ಲಿ ಅದೇ ನೀಲಿ ನೆಲ, ವನ್ಯಜೀವಿ ಇಲಾಖೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಚ್ಚಿದ್ದು ಅಂತಲೇ ಅರ್ಥ.

ಆಮೇಲೆ ರಸ್ತೆ. ನಮ್ಮೂರಿನ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಗುರುತಿರುತ್ತದಲ್ಲ, ಇಲ್ಲಿ ಹಾಗೆ ಗೆರೆ ನೋಡಿ ನಿರ್ಧರಿಸೋಕಾಗಲ್ಲ. ಗೆರೆ ಇದ್ದರೂ ಅದು ರಾಂಚಿನವರ ಸ್ವಂತ ಜಾಡಾಗಿರಬಹುದು. ಅದಕ್ಕೇ ಕೌಂಟಿಯ ರಸ್ತೆ ವಿಭಾಗಕ್ಕೆ ಫೋನ್ ಮಾಡಿ ರಸ್ತೆಯ ನಂಬರು ಹೇಳಿ, "ಇದು ಕೌಂಟಿ ರಸ್ತೆಯೇ? ಎಲ್ಲಿಯವರೆಗೆ?" ಅಂತ ಕೇಳುತ್ತೇನೆ. ಎರಡನೇ ಪ್ರಶ್ನೆ ಮುಖ್ಯ, ಯಾಕೆಂದರೆ ಎಷ್ಟೋ ರಸ್ತೆಗಳಲ್ಲಿ ಸಾರ್ವಜನಿಕ ಹಕ್ಕು ಅರ್ಧದಲ್ಲೇ ಮುಗಿಯುತ್ತದೆ. ನಂಬರಿಲ್ಲದ ಜಾಡಿನ ಬಗ್ಗೆ ರಾಲಿನ್ಸ್‌ನ ಬಿಎಲ್‌ಎಂ ಕಚೇರಿಯಲ್ಲಿ ಕೇಳಬೇಕು. ಸಾರ್ವಜನಿಕ ರಸ್ತೆ ಅಂತ ಖಚಿತವಾದರೂ ಅದು ಓಡಾಟಕ್ಕೆ ಮಾತ್ರ. ರಸ್ತೆಯ ಮೇಲೆ ನಿಂತು ಅಥವಾ ಅದರ ಅಡ್ಡಕ್ಕೆ ಈಡು ಹೊಡೆಯುವಂತಿಲ್ಲ.

ಖಾಸಗಿ ನೆಲಕ್ಕೆ ಬೋರ್ಡು ಇರಲಿ ಬಿಡಲಿ, ಶಿಕಾರಿಗೆ ಅನುಮತಿ ಬೇಕೇ ಬೇಕು. ಹಾದು ಹೋಗುವುದಕ್ಕೂ ಬೇಕು. ನಾನು ಬೇಸಿಗೆಯಲ್ಲೇ ಹೋಗಿ ಮುಖ ತೋರಿಸಿ ಕೇಳುತ್ತೇನೆ. ಒಪ್ಪಿದರೆ ದಿನಾಂಕ, ಗಾಡಿ ನಂಬರು, ಎಷ್ಟು ಜನ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಒಬ್ಬ ಹಿರಿಯರು ಸಹಿ ಹಾಕುತ್ತಾ, "ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದು ಮುಚ್ಚೇ ಇರಲಿ, ದನಗಳ ನೀರಿನ ದಾರಿ ಅದು" ಅಂದರು. ಕೇಳೋಕೆ ಮುಜುಗರ ಅನ್ನಿಸಿದರೆ ರಾಜ್ಯದ ವಾಕ್-ಇನ್ ಏರಿಯಾಗಳಿವೆ, ಅಲ್ಲಿ ಇಲಾಖೆಯೇ ಮಾಲೀಕರ ಜೊತೆ ಮಾತಾಡಿ ಜಾಗ ಬಿಡಿಸಿರುತ್ತದೆ.

ಕೊನೆಗೆ, ಗಾಯಗೊಂಡ ಪ್ರಾಣಿ ಬೇಲಿ ದಾಟಿ ಖಾಸಗಿ ನೆಲಕ್ಕೆ ಹೋದರೆ ಹಿಂದೆ ಓಡಬೇಡಿ. ಎಷ್ಟೇ ಸಂಕಟವಾದರೂ ಮೊದಲು ಮಾಲೀಕರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಗೇಮ್ ವಾರ್ಡನ್‌ಗೆ, ಅಂದರೆ ವನ್ಯಜೀವಿ ಇಲಾಖೆಯ ಅಧಿಕಾರಿಗೆ. ಎರಡೂ ನಂಬರನ್ನು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಎಷ್ಟೋ ಕಡೆ ಸಿಗ್ನಲ್ ಸಿಗಲ್ಲ, ಹತ್ತಿರದ ಗುಡ್ಡ ಹತ್ತಿಯೇ ಮಾತಾಡಬೇಕಾಗುತ್ತದೆ.