ಪಿತ್ತನಾಳಕ್ಕೆ ನೀರು ಬರುವುದು ಹೇಗೆ? ಚಿತ್ರ ಬರೆದು ನೋಡಿ

ಶಿವಮೊಗ್ಗದಲ್ಲಿ ನರ್ಸಿಂಗ್ ಓದುವ ಮಕ್ಕಳು ಈ ಪಾಠ ಬಂದರೆ ಸುಮ್ನೆ ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ. ಒಂದು ಹಾಳೆ, ಒಂದು ಪೆನ್ಸಿಲ್ ತಗೊಳ್ಳಿ.

ಮೊದಲು ದೊಡ್ಡದಾಗಿ ಒಂದು ಚೌಕ ಹಾಕಿ. ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಕೊಳವೆ, ಅಂದರೆ ಪಿತ್ತನಾಳ, ಅದರ ಒಳಮೈಯ ಒಂದು ಜೀವಕೋಶ ಅದು. ಮೇಲಿನ ಗೆರೆಯಾಚೆ ‘ನಾಳ’, ಕೆಳಗಿನ ಗೆರೆಯಾಚೆ ‘ರಕ್ತ’ ಎಂದು ಬರೆಯಿರಿ. ಪಿತ್ತರಸವನ್ನೆಲ್ಲ ಯಕೃತ್ತಿನ ಮುಖ್ಯ ಕೋಶಗಳೇ ಮಾಡುತ್ತವೆ ಅಂದುಕೊಂಡಿರುತ್ತೇವೆ, ಅಲ್ವಾ? ಸುಮಾರು ಮೂರನೇ ಒಂದು ಪಾಲು ದ್ರವ ಈ ನಾಳದ ಕೋಶಗಳದ್ದು.

ಈಗ ಊಟ ಆಗಲಿ. ಕಡುಬು, ಚಟ್ನಿ, ಏನಾದರೂ ಸರಿ. ಹೊಟ್ಟೆಯ ಆಮ್ಲದ ಜೊತೆ ಅದು ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿ ಪಿಎಚ್ 4.5ಕ್ಕಿಂತ ಕೆಳಗಿಳಿದರೆ, ಅಂದರೆ ಆಮ್ಲ ಜಾಸ್ತಿಯಾದರೆ, ಕರುಳಿನ ಗೋಡೆ ಸೆಕ್ರೆಟಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು 1902ರಲ್ಲಿ ಲಂಡನ್ನಿನಲ್ಲಿ ಇದನ್ನು ಪತ್ತೆಹಚ್ಚಿದರು. ‘ಹಾರ್ಮೋನ್’ ಎಂಬ ಹೆಸರು ಬಳಕೆಗೆ ಬಂದದ್ದೇ ಆಮೇಲೆ, 1905ರಲ್ಲಿ.

ಕೆಳಗಿನ ಗೆರೆಯ ಮೇಲೆ ಒಂದು ಗ್ರಾಹಕ (ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಬರೆಯಿರಿ. ಸೆಕ್ರೆಟಿನ್ ಬಂದು ಕೂರುವುದು ಅಲ್ಲಿ. ಕೂತ ಕೂಡಲೇ ಕೋಶದೊಳಗೆ ಸಂದೇಶ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರುತ್ತದೆ. ಮೇಲಿನ ಗೆರೆಯಲ್ಲಿರುವ ಸಿಎಫ್‌ಟಿಆರ್ ಎಂಬ ಚಾನೆಲ್ (ಲವಣ ದಾಟುವ ಕಿಂಡಿ) ತೆರೆದುಕೊಂಡು ಕ್ಲೋರೈಡ್ ನಾಳಕ್ಕೆ ಹೋಗುತ್ತದೆ.

ಹೆಚ್ಚಿನವರು ಬಾಣ ಎಳೆಯುವುದನ್ನು ಇಲ್ಲೇ ನಿಲ್ಲಿಸಿಬಿಡುತ್ತಾರೆ. ನಿಜವಾದ ಕೆಲಸ ಇನ್ನು ಮೇಲೆ. ಸಿಎಫ್‌ಟಿಆರ್ ಪಕ್ಕದಲ್ಲಿ ಎಇ2 ಎಂಬ ಪ್ರೋಟೀನ್ ಬರೆದು ಎದುರುಬದುರು ಎರಡು ಬಾಣ ಹಾಕಿ. ಹೊರಗೆ ಹೋದ ಕ್ಲೋರೈಡನ್ನು ಅದು ಒಳಗೆ ತರುತ್ತದೆ, ಬದಲಿಗೆ ಆಮ್ಲ ತಗ್ಗಿಸುವ ಬೈಕಾರ್ಬನೇಟ್ ಹೊರಗೆ ಹಾಕುತ್ತದೆ. ಕ್ಲೋರೈಡ್ ಹೋಗುವುದೇ ವಾಪಸ್ ಬರಲಿಕ್ಕೆ! ನಾಳಕ್ಕೆ ದಕ್ಕುವುದು ಬೈಕಾರ್ಬನೇಟ್. ಕೋಶಗಳ ಸಂದಿಯಿಂದ ಸೋಡಿಯಂ ಅದರ ಬೆನ್ನಿಗೆ ಬರುತ್ತದೆ.

ನೀರು? ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟರೆ ಭರಣಿಯಲ್ಲಿ ನೀರು ಬಿಟ್ಟುಕೊಂಡು ಮಿಡಿ ಸುಕ್ಕಾಗುತ್ತದಲ್ಲ, ಇಲ್ಲೂ ಅದೇ. ಲವಣ ಜಾಸ್ತಿಯಾದ ಕಡೆಗೆ ನೀರು ಹೋಗುತ್ತದೆ. ಮಿಡಿಯಂತೆ ಕೋಶ ಸುಕ್ಕಾಗುವುದಿಲ್ಲ ಅಷ್ಟೇ, ರಕ್ತದ ಕಡೆಯಿಂದ ನೀರು ಬರುತ್ತಲೇ ಇರುತ್ತದೆ. ಅಕ್ವಾಪೋರಿನ್ ಎಂಬ ನೀರಿನ ಚಾನೆಲ್‌ಗಳನ್ನೂ ಚೌಕದ ಎರಡೂ ಕಡೆ ಗುರುತು ಮಾಡಿ.

ಇದಕ್ಕೆ ಬ್ರೇಕ್ ಸೊಮ್ಯಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನ್. ಸೈಕ್ಲಿಕ್ ಎಎಂಪಿ ಇಳಿಸುತ್ತದೆ, ಹರಿವು ತಗ್ಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಿಎಫ್‌ಟಿಆರ್ ಕೆಟ್ಟಿರುವುದರಿಂದ ಪಿತ್ತರಸ ಗಟ್ಟಿಯಾಗಿ ನಾಳ ಕಟ್ಟಿಕೊಳ್ಳಬಹುದು.

ಪಿತ್ತಕೋಶವನ್ನು ಹಿಂಡುವ ಹಾರ್ಮೋನ್ ಬೇರೆ, ಕೊಲಿಸಿಸ್ಟೊಕೈನಿನ್. ಅದನ್ನು ಈ ಚೌಕದೊಳಗೆ ತುರುಕಬೇಡಿ ಮಾರಾಯ್ರೆ.