ಥರ್ಮೋಪಿಲೆಗೆ ಹೋದರೆ ರಸ್ತೆ ದಾಟಿ

ಗ್ರೀಸಿನ ಥರ್ಮೋಪಿಲೆಗೆ ಹೋಗಿ ಬಂದವರ ಫೋಟೋಗಳೆಲ್ಲ ಹೆಚ್ಚು ಕಮ್ಮಿ ಒಂದೇ ಥರ. ಹಿಂದೆ ಈಟಿ ಎತ್ತಿ ನಿಂತ ಸ್ಪಾರ್ಟಾದ ರಾಜ, ಕಂಚಿನ ಲಿಯೊನಿಡಾಸ್, ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾವು. ನಮ್ಮ ಫೋನಿನಲ್ಲೂ ಅದೇ ಇದೆ. ಆದರೆ ಆ ಪ್ರತಿಮೆ ನಿಲ್ಲಿಸಿದ್ದು 1955ರಲ್ಲಿ. ಕ್ರಿ.ಪೂ. 480ರಲ್ಲಿ ಅವನು ಪರ್ಷಿಯಾದವರ ಜೊತೆ ಮಾಡಿದ ಯುದ್ಧದ ಗುರುತು ಸಿಕ್ಕಿದ್ದು ಅದರ ಎದುರಿಗೆ, ರಸ್ತೆಯ ಆ ಕಡೆ ಇರುವ ಪುಟ್ಟ ಗುಡ್ಡದಲ್ಲಿ. ನಾವು ಅಲ್ಲಿದ್ದಾಗ ಒಂದು ಟೂರಿಸ್ಟ್ ಬಸ್ ಬಂತು, ಎಲ್ಲರೂ ಇಳಿದರು, ಫೋಟೋ ತೆಗೆದರು, ಹತ್ತಿದರು, ಹೋದರು. ಒಬ್ಬರೂ ರಸ್ತೆ ದಾಟಲಿಲ್ಲ. ಅವತ್ತು ಸ್ವಂತಕ್ಕೆ ಅಂತ ಕಾರು ಮಾಡಿಕೊಂಡು ಹೋಗಿದ್ದಕ್ಕೆ ನನಗೆ ಸಮಾಧಾನ ಆಗಿದ್ದು ಆಗಲೇ.

ಹೋಗಿದ್ದು ಮೂರು ಜನ. ನಾನು, ನನ್ನ ಹೆಂಡತಿ, ಮಾವ. ಮಾವ ದಾವಣಗೆರೆಯಲ್ಲಿ ಪಿಯು ಹುಡುಗರಿಗೆ ಇತಿಹಾಸ ಪಾಠ ಮಾಡಿ ರಿಟೈರ್ ಆದವರು. ವರ್ಷಗಟ್ಟಲೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ ಜಾಗವನ್ನು ಒಮ್ಮೆ ನೋಡಬೇಕು ಅನ್ನುವುದು ಅವರ ಆಸೆ. ಅಥೆನ್ಸ್‌ನಿಂದ ಲಾಮಿಯಾ ಊರಿಗೆ ಬಸ್ಸಿದೆ, ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಖರ್ಚು ಕಮ್ಮಿ. ಆದರೆ ಹಿಂದಿನ ದಿನ ಅಕ್ರೊಪೊಲಿಸ್ ಹತ್ತಿ ಇಳಿದು ಅವರ ಮಂಡಿ ಹಿಡಿದುಕೊಂಡಿತ್ತು. ಹಾಗಾಗಿ ಡ್ರೈವರ್ ಸಮೇತ ಕಾರು.

ಮೊದಲು ಕೇಳಿದ ಏಜೆನ್ಸಿಯವರು ಥರ್ಮೋಪಿಲೆ, ಡೆಲ್ಫಿ, ಮೆಟಿಯೊರಾ ಮೂರೂ ಒಂದೇ ದಿನಕ್ಕೆ ತೋರಿಸುತ್ತೇವೆ ಅಂದರು. ಮ್ಯಾಪ್ ತೆಗೆದು ನೋಡಿದೆ. ಮೆಟಿಯೊರಾ ಒಂದೇ 350 ಕಿಲೋಮೀಟರ್ ದೂರ! ಇಡೀ ದಿನ ಕಾರಿನಲ್ಲೇ ಕೂತು ಕಿಟಕಿಯಿಂದ ಕೈ ಮುಗಿದು ಬರಬೇಕು ಅಷ್ಟೇ. ಬೇಡ ಅಂದೆ. ಇನ್ನೊಬ್ಬರಿಗೆ ನಾನೇ ಬರೆದು ಕಳಿಸಿದೆ: ಬೆಳಗ್ಗೆ 8ಕ್ಕೆ ಹೊರಡಬೇಕು, ಥರ್ಮೋಪಿಲೆಯಲ್ಲಿ ಮೂರು ಗಂಟೆ ಬೇಕು, ಬರುವಾಗ ಇನ್ನೊಂದು ಹಳೇ ಯುದ್ಧಭೂಮಿ ಖೆರೋನಿಯಾದಲ್ಲಿ ಒಂದು ಗಂಟೆ, ಬೇರೇನೂ ಬೇಡ. ಮೂರು ಗಂಟೆ ಅಲ್ಲೇನು ಮಾಡುತ್ತೀರಿ ಅಂತ ಅವರಿಗೇ ಆಶ್ಚರ್ಯ.

ಬುಕ್ ಮಾಡುವಾಗ ರೇಟು ತಲೆಗೋ ಕಾರಿಗೋ ಅಂತ ಕೇಳಿ. ನಮಗೆ ಕಾರಿಗೆ, 10 ಗಂಟೆಗೆ. ಟೋಲ್ ಸೇರಿದೆಯಾ ಅನ್ನುವುದನ್ನೂ ಬರಹದಲ್ಲಿ ತಗೊಳ್ಳಿ, ಯಾಕೆಂದರೆ ಅಥೆನ್ಸ್-ಲಾಮಿಯಾ ಹೈವೇಯಲ್ಲಿ ಟೋಲ್ ಒಂದೆರಡಲ್ಲ. ಇನ್ನೊಂದು ವಿಷಯ, ಗ್ರೀಸಿನಲ್ಲಿ ಗೈಡ್ ಕೆಲಸಕ್ಕೆ ಪ್ರತ್ಯೇಕ ಲೈಸೆನ್ಸ್ ಇದೆ. ಡ್ರೈವರ್ ದಾರಿಯಲ್ಲಿ ಕಥೆ ಹೇಳಬಹುದು, ಆದರೆ ಪುರಾತತ್ವ ಜಾಗಗಳ ಒಳಗೆ ಬಂದು ಗೈಡ್ ಆಗುವ ಹಾಗಿಲ್ಲ. ಗೈಡ್ ಬೇಕಾದರೆ ಬೇರೆ ದುಡ್ಡು. ನಮಗೆ ಮಾವ ಇದ್ದರಲ್ಲ, ಆ ದುಡ್ಡು ಉಳೀತು. ಹಿಂದಿನ ರಾತ್ರಿ ಈ ಯುದ್ಧದ ಕಥೆ ಬರೆದ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಏಳನೇ ಪುಸ್ತಕವನ್ನು ಮೊಬೈಲಿನಲ್ಲಿ ತಿರುವಿ, ಬೇಕಾದ್ದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು, ಪಾಠಕ್ಕೆ ಹೋಗುವವರ ಹಾಗೆ.

ಸುಮಾರು 200 ಕಿಲೋಮೀಟರ್. ದಾರಿಯಲ್ಲಿ ಒಂದು ಕಾಫಿ, ತಂದಿದ್ದ ಚಪಾತಿ-ಚಟ್ನಿಪುಡಿ. ಹನ್ನೊಂದರ ಒಳಗೆ ತಲುಪಿದೆವು. ಇಳಿದ ತಕ್ಷಣ ಮಾವ ಸುತ್ತ ನೋಡಿ ಕೇಳಿದ ಮೊದಲ ಮಾತು, "ಸಮುದ್ರ ಎಲ್ಲಿ?"

ಸರಿಯಾದ ಪ್ರಶ್ನೆ. ಒಂದು ಕಡೆ ಕಲ್ಲಿದ್ರೊಮೊ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಕಿಷ್ಕಿಂಧೆಯಂಥ ದಾರಿ, ಕೆಲವು ಕಡೆ ಒಂದೇ ಗಾಡಿ ಹೋಗುವಷ್ಟು ಅಗಲ, ಅದಕ್ಕೇ ಕೆಲವೇ ಸಾವಿರ ಗ್ರೀಕರು ಪರ್ಷಿಯಾದ ರಾಜ ಕ್ಸರ್ಕ್ಸೀಸನ ಆ ದೊಡ್ಡ ಸೈನ್ಯವನ್ನು ಮೂರನೇ ದಿನದವರೆಗೂ ತಡೆದಿದ್ದು ಅಂತ ತಾನೇ ನಾವು ಓದಿರುವುದು? ಈಗ ಅಲ್ಲಿ ಕಣ್ಣು ಹಾಯುವಷ್ಟು ದೂರ ಹೊಲ, ಅದರಾಚೆ ಹೈವೇ. ಸ್ಪರ್ಖಿಯೋಸ್ ನದಿ ಎರಡೂವರೆ ಸಾವಿರ ವರ್ಷ ಹೂಳು ತಂದು ಸುರಿದು ಸಮುದ್ರವನ್ನು ಕಿಲೋಮೀಟರ್‌ಗಟ್ಟಲೆ ಹಿಂದಕ್ಕೆ ತಳ್ಳಿದೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಜಾಗ ನೋಡಿ ಬೇಜಾರಾಗುವುದು ಗ್ಯಾರಂಟಿ. ಮಾವ ಒಂದು ಉಪಾಯ ಮಾಡಿದರು. ಹಳೇ ದಡ ಈಗಿನ ರಸ್ತೆಯ ಆಸುಪಾಸಿನಲ್ಲೇ ಇತ್ತು, ಹಾಗಾಗಿ ಪ್ರತಿಮೆ ಇರುವ ಕಡೆಯೆಲ್ಲ ನೀರು ಅಂದುಕೊಳ್ಳಿ ಅಂದರು. ಹಾಗಂದುಕೊಂಡು ಬೆಟ್ಟದ ಕಡೆ ತಿರುಗಿದರೆ, ಅಬ್ಬಾ, ನಿಜಕ್ಕೂ ಜಾಗ ಇಲ್ಲ.

ಪ್ರತಿಮೆಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕೆಳಗೆ "ಮೊಲೋನ್ ಲಾವೆ" ಅಂತ ಇದೆ. ಆಯುಧ ಕೆಳಗಿಡಿ ಅಂತ ಕ್ಸರ್ಕ್ಸೀಸ್ ಅಂದಿದ್ದಕ್ಕೆ ಲಿಯೊನಿಡಾಸ್ ಕೊಟ್ಟ ಉತ್ತರ, ಬಂದು ತಗೊಂಡು ಹೋಗು ಅಂತ. ಪಕ್ಕದಲ್ಲಿ 1997ರಲ್ಲಿ ನಿಲ್ಲಿಸಿದ, ತಲೆಯಿಲ್ಲದ, ರೆಕ್ಕೆಯ ಮೂರ್ತಿಯಿದೆ. ಅದು ಥೆಸ್ಪಿಯಾ ಊರಿನ 700 ಜನರಿಗೆ. ಎಲ್ಲರೂ 300 ಸ್ಪಾರ್ಟಾದವರ ಹೆಸರು ಹೇಳುತ್ತಾರೆ, ಅವರ ಜೊತೆ ಕೊನೆಯವರೆಗೂ ನಿಂತು ಸತ್ತ ಈ 700 ಜನ ಯಾರಿಗೂ ನೆನಪಿಲ್ಲ. ನನಗೂ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ರಸ್ತೆ ದಾಟಿದೆವು. ಹುಷಾರು, ಗಾಡಿಗಳು ಜೋರಾಗಿ ಬರುತ್ತವೆ. ಗುಡ್ಡದ ಹೆಸರು ಕೊಲೊನೋಸ್. ಮಂಡಿನೋವಿದ್ದ ಮಾವನೂ ಮೆಲ್ಲಗೆ ಹತ್ತಿದರು ಅಂದ ಮೇಲೆ ಎತ್ತರ ನೀವೇ ಲೆಕ್ಕ ಹಾಕಿ. ಟಿಕೆಟ್ ಇಲ್ಲ, ನೆರಳೂ ಇಲ್ಲ. ನಾವು ಹೋಗಿದ್ದು ಅಕ್ಟೋಬರ್, ಆದರೂ ಟೋಪಿ ಬೇಕಾಯಿತು. 1939ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಇಲ್ಲಿ ಅಗೆದಾಗ ರಾಶಿ ಬಾಣದ ಮೊನೆಗಳು ಸಿಕ್ಕವು. ಕೊನೆಯ ದಿನ, ಅನೋಪಿಯಾ ಅನ್ನುವ ಬೆಟ್ಟದ ಕಾಲುದಾರಿಯಿಂದ ಪರ್ಷಿಯಾದವರು ಹಿಂದೆ ಬಂದಾಗ ಉಳಿದವರು ಒಂದು ದಿಬ್ಬದ ಮೇಲೆ ಸೇರಿಕೊಂಡರು ಅಂತ ಹೆರೊಡೊಟಸ್ ಬರೆದ. ಆ ದಿಬ್ಬ ಇದೇ ಅಂತ ಗುರುತಿಸಿದ್ದು ಆ ಮೊನೆಗಳಿಂದ.

ಮಾವ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಹಾಳೆ ಬಿಚ್ಚಿದರು. ಕ್ಸರ್ಕ್ಸೀಸನ ಸೈನ್ಯದ ಪಟ್ಟಿ. ಅದರಲ್ಲಿ ಇಂಡಿಯಾದವರೂ ಇದ್ದಾರೆ! ಹತ್ತಿಬಟ್ಟೆ ಹಾಕಿದವರು, ಬೆತ್ತದ ಬಿಲ್ಲು, ಬೆತ್ತದ ಬಾಣ, ತುದಿಗೆ ಕಬ್ಬಿಣ. ಸಿಂಧೂ ನದಿಯ ಕಡೆಯವರು, ಆಗ ಆ ಭಾಗ ಪರ್ಷಿಯಾದ ಕೈಯಲ್ಲಿತ್ತು.

"ಅಪ್ಪ, ಹಾಗಾದ್ರೆ ನಾವು ಸೋತವರ ಕಡೆನಾ?" ಅಂದಳು ನನ್ನ ಹೆಂಡತಿ.

"ಇಲ್ಲಿ ಮಟ್ಟಿಗೆ ಗೆದ್ದವರ ಕಡೆ ಕಣಮ್ಮಾ. ಸೋತಿದ್ದು ಆಮೇಲೆ."

ಗುಡ್ಡದ ಮೇಲೆ ಒಂದು ಚಪ್ಪಡಿ ಇದೆ, ಹೊಸದು. ಹಳೇ ಪದ್ಯವನ್ನು ಅದರಲ್ಲಿ ಕೆತ್ತಿದ್ದಾರೆ. ದಾರಿಹೋಕನೇ, ಸ್ಪಾರ್ಟಾದವರಿಗೆ ಹೋಗಿ ಹೇಳು, ಅವರ ಮಾತು ನಡೆಸಿ ನಾವಿಲ್ಲಿ ಮಲಗಿದ್ದೇವೆ ಅಂತ. ಮಾವ ಎರಡು ಸಲ ಓದಿ ಸ್ವಲ್ಪ ಸಿಟ್ಟಿನಿಂದಲೇ ಅಂದರು, "ನಮ್ಮ ಕಡೆ ವೀರಗಲ್ಲು ಅಂದ್ರೆ ಸತ್ತವನ ಹೆಸರು, ಊರು, ದನ ತುರುಗೋಳಿನಲ್ಲಿ ಸತ್ತನೋ ಹುಲಿ ಜೊತೆ ಹೊಡೆದಾಡಿ ಸತ್ತನೋ, ಎಷ್ಟೋ ಕಲ್ಲುಗಳಲ್ಲಿ ಎಲ್ಲಾ ಬರೆದಿರ್ತಾರೆ. ಇಲ್ಲಿ ಒಂದು ಹೆಸರಿಲ್ಲ. ಆ ಹೆರೊಡೊಟಸ್ 300 ಹೆಸರೂ ಕೇಳಿ ತಿಳ್ಕೊಂಡೆ ಅಂತಾನೆ, ಬರೆದಿಡೋದಲ್ವಾ!"

ಅಲ್ಲಿಂದ ಸ್ವಲ್ಪ ದೂರದಲ್ಲಿ ಬಿಸಿನೀರಿನ ಬುಗ್ಗೆ. ಥರ್ಮೋಪಿಲೆ ಅಂದರೇನೇ ಬಿಸಿ ಬಾಗಿಲು. ನೀರು ಸುಮಾರು 40 ಡಿಗ್ರಿ, ಗಂಧಕದ ವಾಸನೆ, ಕೊಳೆತ ಮೊಟ್ಟೆ ಥರ. ಮಾವ ಮಂಡಿವರೆಗೂ ಕಾಲು ಬಿಟ್ಟುಕೊಂಡು ಕೂತು ಯುದ್ಧವನ್ನೇ ಮರೆತರು. ನನ್ನ ಹೆಂಡತಿಯೂ ಇಳಿದಳು. ಬೆಳ್ಳಿ ಕಾಲುಂಗುರ ಹಾಕಿದ್ದೀರಾ? ತೆಗೆದಿಟ್ಟು ಇಳಿಯಿರಿ. ಹೊರಗೆ ಬಂದಾಗ ಅವಳ ಕಾಲುಂಗುರ ಕಾವಲಿ ತಳದ ಹಾಗೆ ಕಪ್ಪಾಗಿದ್ದವು.

ಊಟಕ್ಕೆ ದಾರಿಯಲ್ಲಿ ಒಂದು ಹಳ್ಳಿ ಹೋಟೆಲು. ಸಸ್ಯಾಹಾರ ಅಂತ ಬಿಡಿಸಿ ಹೇಳುವುದಕ್ಕಿಂತ "ನಿಸ್ತೀಸಿಮೋ" ಅನ್ನಿ. ಅಲ್ಲಿನವರ ಉಪವಾಸದ ಊಟಕ್ಕೆ ಇರುವ ಪದ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಆದರೆ ಸೀಗಡಿ, ಕಪ್ಪೆಚಿಪ್ಪು ನಡೆಯುತ್ತದೆ, ಅದೊಂದು ಕೇಳಿಕೊಳ್ಳಿ. ದೊಡ್ಡ ಅವರೆಯಂಥ ಕಾಳು ಟೊಮೆಟೊದಲ್ಲಿ ಬೇಯಿಸಿ ಕೊಟ್ಟರು, ಚೆನ್ನಾಗಿತ್ತು.

ಖೆರೋನಿಯಾ ಸೇರಿಸಿದ್ದು ಮಾವನ ಹಟ. ಲಿಯೊನಿಡಾಸ್‌ಗೋಸ್ಕರ ಆ ದಿಬ್ಬದ ಮೇಲೆ ಕಲ್ಲಿನ ಸಿಂಹ ನಿಲ್ಲಿಸಿದ್ದರು ಅಂತ ಹೆರೊಡೊಟಸ್ ಬರೆದಿದ್ದಾನೆ, ಈಗ ಅದಿಲ್ಲ. ಖೆರೋನಿಯಾದ ಸಿಂಹ ಇನ್ನೂ ಇದೆ. ರಸ್ತೆ ಪಕ್ಕದಲ್ಲೇ, ಸೈಪ್ರೆಸ್ ಮರಗಳ ನಡುವೆ, 5 ಮೀಟರಿಗೂ ಎತ್ತರ. ಕ್ರಿ.ಪೂ. 338ರಲ್ಲಿ ಮ್ಯಾಸಿಡೋನಿಯಾದ ರಾಜ ಫಿಲಿಪ್ ಮತ್ತು ಅವನ ಮಗ 18ರ ಅಲೆಕ್ಸಾಂಡರ್ ಥೀಬ್ಸ್, ಅಥೆನ್ಸ್ ಸೈನ್ಯವನ್ನು ಮುರಿದ ಜಾಗ. ಸಿಂಹದ ಸುತ್ತ ಅಗೆದಾಗ 254 ಅಸ್ಥಿಪಂಜರ ಸಾಲಾಗಿ ಸಿಕ್ಕವು. ಥೀಬ್ಸ್‌ನ ಸೇಕ್ರೆಡ್ ಬ್ಯಾಂಡ್ ಅನ್ನುವ ಹೆಸರಾಂತ ಪಡೆಯವರದು ಇರಬೇಕು ಅಂತಾರೆ. ಆ ಪಡೆಯ ಸಂಖ್ಯೆಯೂ 300. ಥರ್ಮೋಪಿಲೆಯಲ್ಲಿ ಕೈ ಎತ್ತಿ ಶರಣಾದರು ಅಂತ ಹೆರೊಡೊಟಸ್ ಹೇಳುವುದು ಇದೇ ಥೀಬ್ಸ್‌ನವರ ಬಗ್ಗೆ. 142 ವರ್ಷ ಆದ ಮೇಲೆ ಇಲ್ಲಿ ನಿಂತಲ್ಲೇ ಸತ್ತರು. ಬೆಳಗ್ಗೆ ಓದಿದ "ಬಂದು ತಗೊಂಡು ಹೋಗು" ಮಾತನ್ನು ನಮ್ಮವರೆಗೆ ತಲುಪಿಸಿದ ಹಳೇ ಗ್ರೀಕ್ ಲೇಖಕ ಪ್ಲೂಟಾರ್ಕ್‌ನ ಊರೂ ಇದೇ. ಎರಡೂ ಜಾಗ ಒಂದೇ ದಿನ ನೋಡಬೇಕು ಅನ್ನುವುದು ಇದಕ್ಕೇ, ಡೆಲ್ಫಿಗೆ ಇನ್ನೊಂದು ದಿನ ಕೊಡಿ. ಪಕ್ಕದ ಮ್ಯೂಸಿಯಂ ಮಾತ್ರ ಮುಚ್ಚಿತ್ತು, ಸಮಯ ನೋಡಿಕೊಳ್ಳದ್ದು ನನ್ನ ತಪ್ಪು.

ರಾತ್ರಿ ಹೋಟೆಲ್ ರೂಮಿನಲ್ಲಿ ಟೂತ್‌ಪೇಸ್ಟ್ ಹಾಕಿ ಕಾಲುಂಗುರ ಉಜ್ಜಿದ್ದು ನಾನು. ಅರ್ಧ ಬಿಳಿಯಾದವು, ಉಳಿದದ್ದು ಊರಿಗೆ ಬಂದ ಮೇಲೆ ಅಕ್ಕಸಾಲಿ ಮಾಡಿಕೊಟ್ಟ.

ಮಾರನೇ ದಿನ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ಆ ಗುಡ್ಡದ ಬಾಣದ ಮೊನೆಗಳು ಸಿಕ್ಕವು, ಗಾಜಿನ ಪೆಟ್ಟಿಗೆಯೊಳಗೆ. ಮಾವ ಕನ್ನಡಕ ಹಣೆಗೆ ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಕಬ್ಬಿಣದ್ದು ಯಾವುದು ಕಂಚಿನದು ಯಾವುದು ಅಂತ ಒಂದೊಂದನ್ನೇ ನೋಡುತ್ತಾ ಹೋದರು.